ಸ್ವಂತ ಕೀಲಿಕೈಗೆ ಐನೂರು ರೂಪಾಯಿ

ಶ್ರಾವಣದ ಜಾತ್ರೆಗೆಂದು ಈಚೆಗೆ ಬಸವನ ಬಾಗೇವಾಡಿಗೆ ಹೋಗಿದ್ದೆ. ಅಲ್ಲಿ ನನ್ನ ಸೋದರಮಾವನವರ ಮನೆ. ಮಾವನವರು ನಿವೃತ್ತ ಮಾಸ್ತರರು. ಊರಿನ ಅರ್ಧ ಜನಕ್ಕೆ ಮಗ್ಗಿ ಬಾಯಿಪಾಠ ಮಾಡಿಸಿದವರು. ಇಂದಿಗೂ ಸಂಜೆ ಕಟ್ಟೆಯ ಮೇಲೆ ಕುಳಿತು ದಿನದ ಖರ್ಚನ್ನು ಒಂದು ರೂಪಾಯಿ ತಪ್ಪದಂತೆ ಬರೆದಿಡುವವರು. ಇಂಥ ಲೆಕ್ಕದ ಮನುಷ್ಯರು ಆ ದಿನ ತಮ್ಮದೇ ಸೊತ್ತನ್ನು 500 ರೂಪಾಯಿ ಕೊಟ್ಟು ಕೊಂಡುಕೊಂಡು ಬಂದರು. ಅಷ್ಟೇ ಅಲ್ಲ, ಮಾರಿದವನಿಗೆ ಕೈಮುಗಿದು ಬಂದರು. ಆ ಕಥೆಯನ್ನೂ, ಅದರಿಂದ ಹುಟ್ಟಿದ ಒಂದು ಜಗಳವನ್ನೂ ಓದುಗರ ಮುಂದಿಡಬೇಕೆಂದು ಈ ಬರಹ.

ಮಾವನವರ ನಡುಮನೆಯಲ್ಲಿ ಪುಣೆಯ ಮಗ ಕೊಡಿಸಿದ ಲ್ಯಾಪ್‌ಟಾಪ್ ಒಂದಿದೆ. ನಾಲ್ಕು ವರ್ಷಗಳಿಂದ ಅದರಲ್ಲಿ ಅವರು ಮಗನ ಪತ್ರ ಓದುತ್ತಾರೆ, ಪಿಂಚಣಿಯ ಲೆಕ್ಕ ನೋಡುತ್ತಾರೆ, ಕರೆಂಟ್ ಬಿಲ್ಲು ಕಟ್ಟುತ್ತಾರೆ. ಅದು ಎಂದೂ ಅವರನ್ನು ಪಾಸ್‌ವರ್ಡ್ ಕೇಳಿದ್ದಿಲ್ಲ. ಮೊದಲ ದಿನ ಮಗ ಎಲ್ಲವನ್ನೂ ಅದರಲ್ಲಿಯೇ ಉಳಿಸಿ ಹೋಗಿದ್ದ. ಈಚೆಗೆ ಅವರು ಹೊಸ ಮೊಬೈಲು ಕೊಂಡರು. ಮೊಬೈಲು ಇ-ಮೇಲಿನ ಪಾಸ್‌ವರ್ಡ್ ಕೇಳಿತು. ಯಾವ ಪಾಸ್‌ವರ್ಡ್? ಮಾವನವರಿಗೆ ನೆನಪಿಲ್ಲ, ಮಗನಿಗೂ ನೆನಪಿಲ್ಲ. ‘ಮರೆತಿರಾ?’ ಎಂಬಲ್ಲಿ ಒತ್ತಿದರೆ ಗುಪ್ತಸಂಖ್ಯೆ ಹೋಗುವುದು ಎರಡು ವರ್ಷದ ಹಿಂದೆಯೇ ಬಿಟ್ಟುಬಿಟ್ಟ ಹಳೆಯ ಮೊಬೈಲ್ ನಂಬರಿಗೆ. ಕೊನೆಗೆ ಲ್ಯಾಪ್‌ಟಾಪನ್ನು ಕೈಚೀಲದಲ್ಲಿಟ್ಟುಕೊಂಡು ಒಂದು ಕಂಪ್ಯೂಟರ್ ಅಂಗಡಿಗೆ ಹೋದರು. ಅಲ್ಲಿಯ ಹುಡುಗ, ‘ಪಿನ್ ಹಾಕ್ರಿ ಸರ್’ ಅಂದ, ಹಾಕಿದರು. ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡ. ಎರಡು ನಿಮಿಷದ ಮೇಲೆ ಒಂದು ಚೀಟಿಯಲ್ಲಿ ಪಾಸ್‌ವರ್ಡ್ ಬರೆದುಕೊಟ್ಟು, ‘ರಿಕವರಿ ಮಾಡೀನ್ರಿ, 500 ಆಗ್ತದ’ ಅಂದ.

ಮನೆಗೆ ಬಂದ ಮಾವನವರು ಆ ಹುಡುಗನ ಜಾಣತನವನ್ನು ಹೊಗಳಿದ್ದೇ ಹೊಗಳಿದ್ದು. ನಾನು ಸುಮ್ಮನಿರಲಾರದೆ ಲ್ಯಾಪ್‌ಟಾಪ್ ತೆರೆದು, ಆ ಪಾಸ್‌ವರ್ಡ್ ಎಲ್ಲಿತ್ತು ಎಂಬುದನ್ನು ತೋರಿಸಿದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಮಾವನವರ ಮುಖ ಸಣ್ಣದಾಯಿತು.

“ಅಂದ್ರ, ಅಳಿಯಾ, ನನ್ನ ಮನಿಯಾಗ ಇದ್ದದ್ದಕ್ಕ ನಾನೇ ರೊಕ್ಕ ಕೊಟ್ಟು ಬಂದೆನೇನು?”

“ಹೌದ್ರಿ ಮಾಮಾ.”

ಅವರು ಪರದೆಯನ್ನು ಇನ್ನೂ ದಿಟ್ಟಿಸುತ್ತಿದ್ದರು. ಅಲ್ಲಿ ಇ-ಮೇಲಿನದೊಂದೇ ಅಲ್ಲ, ಒಟ್ಟು 34 ಹೆಸರುಗಳಿದ್ದವು: ಬ್ಯಾಂಕು, ಪಿಂಚಣಿ, ವಿಮೆ, ಗ್ಯಾಸು, ರೈಲು ಟಿಕೇಟು. “ಹಂಗಾದ್ರ ಆ ಹುಡುಗಗ ಈ ಪಟ್ಟಿ ಎಲ್ಲಾ ಕಂಡಿತ್ತೇನು?” ಎಂದು ಕೇಳಿದರು. ಕಂಡಿತ್ತು. ಆ ಹುಡುಗ ಅದರಲ್ಲಿ ಒಂದನ್ನಾದರೂ ದುರುಪಯೋಗ ಮಾಡಿದನೆಂದು ನಾನು ಹೇಳುತ್ತಿಲ್ಲ, ಮಾಡಿರಲಿಕ್ಕಿಲ್ಲ. ಆದರೆ ಒಂದು ಕೀಲಿಕೈ ಹುಡುಕಿಸಲು ಹೋದ ಯಜಮಾನ, ಇಡೀ ಕೀಲಿಗೊಂಚಲನ್ನೇ ಪರರ ಗಲ್ಲೆಯ ಮೇಲಿಟ್ಟು, ತಾನು ಬಾಗಿಲ ಹೊರಗೆ ಬೆಂಚಿನ ಮೇಲೆ ಕುಳಿತಿದ್ದನೆಂಬುದು ಮಾತ್ರ ನಿಜ.

ಇನ್ನು ಜಗಳದ ಮಾತು. ಊರಿಂದ ಬಂದಮೇಲೆ ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಸ್ನೇಹಿತರೊಬ್ಬರಿಗೆ ಈ ಸಂಗತಿಯನ್ನು ತಿಳಿಸಿ, “ಇದನ್ನು ಪತ್ರಿಕೆಯಲ್ಲಿ ಬರೆಯುತ್ತೇನೆ, ಪಾಸ್‌ವರ್ಡ್ ಎಲ್ಲಿರುತ್ತದೆಂಬುದನ್ನೂ ಬರೆಯುತ್ತೇನೆ” ಎಂದೆ. ಅವರು ಹೌಹಾರಿದರು. “ಇಂಥದ್ದನ್ನೆಲ್ಲ ನಾಲ್ಕು ಜನರ ಮುಂದೆ ಹೇಳಬಾರದು. ಕಳ್ಳರಿಗೆ ದಾರಿ ತೋರಿಸಿದಂತಾಗುತ್ತದೆ” ಎಂದರು. ಈ ಮಾತನ್ನು ನಾನು ಅವರೊಬ್ಬರ ಬಾಯಿಂದಲೇ ಕೇಳಿದ್ದಲ್ಲ. ಓದುಬರಹ ಬಲ್ಲ ನಮ್ಮ ಮಧ್ಯಮವರ್ಗದ ಸಭ್ಯ ಜನರಲ್ಲಿ ಬಹುಪಾಲಿನವರ ಅಭಿಪ್ರಾಯ ಇದೇ. ಈ ಅಭಿಪ್ರಾಯ ತಪ್ಪು. ಬರಿಯ ತಪ್ಪಲ್ಲ, ಮನೆಮುರುಕ ತಪ್ಪು. ಕಳ್ಳನಿಗೆ ಇದು ಎಂದೋ ಗೊತ್ತು. ಗೊತ್ತಿಲ್ಲದವನು ಮನೆಯ ಯಜಮಾನ ಒಬ್ಬನೇ.

ಇದು ಹಳೆಯ ವಾದ. 1851ರಲ್ಲಿ ಲಂಡನ್ನಿನಲ್ಲಿ ಮಹಾಪ್ರದರ್ಶನ ನಡೆದಾಗ ಹಾಬ್ಸ್ ಎಂಬ ಅಮೇರಿಕದ ಕೀಲಿಗಾರ ಅಲ್ಲಿಗೆ ಬಂದ. ಬ್ರಾಮಾ ಎಂಬವರ ಅಂಗಡಿಯ ಕಿಟಕಿಯಲ್ಲಿ 1790ರಿಂದಲೂ ಒಂದು ಕೀಲಿ ತೂಗುತ್ತಿತ್ತು. ಅದನ್ನು ಕಳ್ಳಗೈಯಿಂದ ತೆರೆದವರಿಗೆ 200 ಗಿನಿ ಬಹುಮಾನವೆಂದು ಫಲಕವಿತ್ತು. ಅರವತ್ತು ವರ್ಷ ಯಾರೂ ತೆರೆದಿರಲಿಲ್ಲ. ಹಾಬ್ಸ್ 16 ದಿನಗಳಲ್ಲಿ ಒಟ್ಟು 51 ತಾಸು ಕುಳಿತು ತೆರೆದುಬಿಟ್ಟ. ಅದಕ್ಕೂ ಮೊದಲೇ ಚಬ್ ಎಂಬವರ ಪ್ರಸಿದ್ಧ ಕೀಲಿಯನ್ನು ಅರ್ಧ ತಾಸಿನೊಳಗೆ ತೆರೆದಿದ್ದ. ಆಗಲೂ ಸಭ್ಯರು ಇದೇ ಕೂಗು ಹಾಕಿದರು: ಇಂಥದ್ದನ್ನು ಬಹಿರಂಗ ಮಾಡಬಾರದು, ಕಳ್ಳರಿಗೆ ಪಾಠವಾಗುತ್ತದೆ. ಹಾಬ್ಸನ ಉತ್ತರದ ಸಾರ ಇಷ್ಟೇ: ಕಳ್ಳರು ತಮ್ಮ ವೃತ್ತಿಯಲ್ಲಿ ನಮಗಿಂತ ಬಹಳ ಮುಂದಿದ್ದಾರೆ, ಅವರಿಗೆ ನಾವು ಕಲಿಸುವಂಥದ್ದು ಏನೂ ಇಲ್ಲ. ಆಮೇಲೆ ಏನಾಯಿತು? ಲಂಡನ್ನು ಸೂರೆಯಾಗಲಿಲ್ಲ, ಇಂಗ್ಲಂಡಿನ ಕೀಲಿಗಳು ಸುಧಾರಿಸಿದವು.

ಕಂಪ್ಯೂಟರಿನ ಲೋಕದಲ್ಲಿಯೂ ಅದೇ ಕಥೆ. 1961ರಲ್ಲಿ ಅಮೇರಿಕದ ಎಂ.ಐ.ಟಿ.ಯಲ್ಲಿ ಕಾರ್ಬಟೊ ಮತ್ತು ಸಂಗಡಿಗರು ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆ ಮಾಡಿದರು; ಒಬ್ಬೊಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಕೊಟ್ಟರು. ಮಾರನೆಯ ವರ್ಷವೇ, ತನಗೆ ಕೊಟ್ಟ ವೇಳೆ ಸಾಲದೆಂದು ಒಬ್ಬ ಸಂಶೋಧಕ ವಿದ್ಯಾರ್ಥಿ ಪಾಸ್‌ವರ್ಡುಗಳ ಕಡತವನ್ನೇ ಯಂತ್ರದಿಂದ ಅಚ್ಚುಹಾಕಿಸಿಕೊಂಡು ಪರರ ಹೆಸರಿನಲ್ಲಿ ಕೆಲಸ ಮಾಡಿದ. 2013ರಲ್ಲಿ ಮತ್ತೊಂದು ಗಲಾಟೆ: ಕ್ರೋಮ್ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳು ಒಂದು ಗುಂಡಿ ಒತ್ತಿದರೆ ಯಾರಿಗಾದರೂ ಕಾಣುತ್ತವೆಂದು ಕೆಂಬರ್ ಎಂಬ ತಂತ್ರಜ್ಞ ಡಂಗುರ ಸಾರಿದ. ಕ್ರೋಮಿನವರು, ನಿಮ್ಮ ತೆರೆದ ಕಂಪ್ಯೂಟರಿನ ಮುಂದೆ ಬಂದು ಕುಳಿತವನಿಗೆ ಅದಾಗಲೇ ಎಲ್ಲವೂ ಸಿಕ್ಕಂತೆಯೇ, ಮೇಲೊಂದು ತೆರೆ ಎಳೆದರೆ ಹುಸಿ ಧೈರ್ಯ ಬರುವುದಷ್ಟೇ, ಎಂದು ವಾದಿಸಿದರು. ಆದರೂ ಮುಂದೆ, ತೋರಿಸುವ ಮೊದಲು ಕಂಪ್ಯೂಟರಿನ ಪಿನ್ ಕೇಳುವ ಏರ್ಪಾಟು ಮಾಡಿದರು. ಕೆಂಬರ್ ಬಾಯಿಮುಚ್ಚಿಕೊಂಡಿದ್ದರೆ ಅಷ್ಟಾದರೂ ಆಗುತ್ತಿತ್ತೇ? ಮುಚ್ಚಿಟ್ಟದ್ದರಿಂದ ಯಜಮಾನನಿಗೆ ಲಾಭವಾದದ್ದು ಎಲ್ಲಿಯೂ ಕಾಣದು.

ಹಾಗಾದರೆ ಇದು ಇರುವುದು ಎಲ್ಲಿ, ಇರುವುದಾದರೂ ಏಕೆ? ನಮ್ಮ ವಿಜಯಪುರ ಜಿಲ್ಲೆಯವರಿಗೆ ಇದನ್ನು ತಿಳಿಸಲು ಹಗೇವಿಗಿಂತ ಒಳ್ಳೆಯ ಉದಾಹರಣೆ ಬೇಡ. ಹಿಂದೆ ನಮ್ಮ ಕಡೆ ಜೋಳವನ್ನು ನೆಲದೊಳಗೆ ತೋಡಿದ ಹಗೇವಿನಲ್ಲಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣೆಳೆದು ಸಮ ಮಾಡುತ್ತಿದ್ದರು. ಅದರ ಮೇಲೆಯೇ ದನ ಕಟ್ಟಿದರೂ ಪರರಿಗೆ ಸುಳಿವಿಲ್ಲ; ಬಾಯಿ ಎಲ್ಲಿದೆಯೆಂದು ಮನೆಯವರಿಗೆ ಗೊತ್ತು. ಬರಗಾಲ ಬಂದಾಗ ತೆರೆದರೆ ಕಾಳು ಕಾಳಾಗಿಯೇ ಇರುತ್ತಿತ್ತು.

ನಾವು ಲೆಕ್ಕ ತೆರೆದ ಬ್ಯಾಂಕು ಅಥವಾ ಇ-ಮೇಲಿನವರು ನಮ್ಮ ಪಾಸ್‌ವರ್ಡನ್ನು ಕಾಳಾಗಿ ಇಟ್ಟುಕೊಳ್ಳುವುದಿಲ್ಲ, ಇಟ್ಟುಕೊಳ್ಳಲೂ ಬಾರದು. ಅವರು ಅದನ್ನು ಬೀಸಿ ಹಿಟ್ಟು ಮಾಡಿ ಇಡುತ್ತಾರೆ. ನಾವು ಮತ್ತೆ ಬಂದು ಪಾಸ್‌ವರ್ಡ್ ಹೇಳಿದಾಗ ಅದನ್ನೂ ಅದೇ ಕಲ್ಲಿನಲ್ಲಿ ಬೀಸಿ, ಹಿಟ್ಟಿಗೆ ಹಿಟ್ಟು ಹೋಲಿಸಿ ಒಳಗೆ ಬಿಡುತ್ತಾರೆ. ಹಿಟ್ಟಿನಿಂದ ಮತ್ತೆ ಜೋಳ ಮಾಡಲಾಗದಷ್ಟೆ! ಮೋರಿಸ್ ಮತ್ತು ಥಾಂಪ್ಸನ್ ಎಂಬ ವಿಜ್ಞಾನಿಗಳು 1979ರಲ್ಲಿಯೇ ಈ ಪದ್ಧತಿಯನ್ನು ವಿವರಿಸಿ ಬರೆದಿದ್ದಾರೆ. ಆದ್ದರಿಂದಲೇ ಮರೆತ ಪಾಸ್‌ವರ್ಡನ್ನು ಅವರು ನಮಗೆ ಹೇಳಲಾರರು. ಹೊಸದನ್ನು ಮಾಡಿಕೊಳ್ಳಿ ಎನ್ನಬಲ್ಲರು, ಅಷ್ಟೇ. ಆದರೆ ನಮ್ಮ ಮನೆಯ ಕಂಪ್ಯೂಟರಿನ ಕೆಲಸ ಬೇರೆ. ಅದು ದಿನದಿನವೂ ನಮ್ಮ ಪರವಾಗಿ ಆ ಪಾಸ್‌ವರ್ಡನ್ನು ಅಕ್ಷರ ಬಿಡದೆ ತುಂಬಬೇಕು. ಹಿಟ್ಟಿನಿಂದ ಆ ಕೆಲಸ ಸಾಗದು, ಕಾಳೇ ಬೇಕು. ಹಾಗಾಗಿ ಅದನ್ನು ಕೀಲಿ ಹಾಕಿದ ಹಗೇವಿನಲ್ಲಿ ಇಟ್ಟಿರುತ್ತದೆ. ಆ ಹಗೇವಿನ ಕೀಲಿ ಎಂದರೆ ನಾವು ಕಂಪ್ಯೂಟರ್ ತೆರೆಯುವಾಗ ಹಾಕುವ ಪಿನ್ ಅಥವಾ ಪಾಸ್‌ವರ್ಡ್. ಇಷ್ಟೇ ಇದರೊಳಗಿನ ಮಾಯೆ. ಅಂಗಡಿಯ ಹುಡುಗ ಮಾಡಿದ ‘ರಿಕವರಿ’ ಎಂದರೆ ಹಗೇವಿನ ಕಲ್ಲು ಸರಿಸಿದ್ದು.

ಕಲ್ಲು ಎಲ್ಲಿದೆ ಎಂದು ಹೇಳಿಯೇಬಿಡುತ್ತೇನೆ. ಕ್ರೋಮ್ ಬಳಸುವವರು ಬಲಗಡೆ ಮೇಲಿರುವ ಮೂರು ಚುಕ್ಕೆಗಳನ್ನು ಒತ್ತಿ ಸೆಟ್ಟಿಂಗ್ಸಿಗೆ ಹೋದರೆ ‘ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್’ ಎಂಬುದಿದೆ. ಅಲ್ಲಿ ಪಟ್ಟಿ, ಹೆಸರು ಒತ್ತಿದರೆ ಪಿನ್ ಕೇಳುತ್ತದೆ, ಕಣ್ಣಿನ ಚಿತ್ರವನ್ನು ಒತ್ತಿದರೆ ಚುಕ್ಕೆಗಳು ಅಕ್ಷರಗಳಾಗುತ್ತವೆ. ಎಡ್ಜ್ ಮತ್ತು ಫೈರ್‌ಫಾಕ್ಸ್ ಬಳಸುವವರಿಗೂ ಮೆನುವಿನಲ್ಲಿಯೋ ಸೆಟ್ಟಿಂಗ್ಸಿನಲ್ಲಿಯೋ ‘ಪಾಸ್‌ವರ್ಡ್ಸ್’ ಎಂಬ ಇಂಥದೇ ಬಾಗಿಲುಂಟು. ವಿಂಡೋಸ್ ಯಂತ್ರದ ಕಂಟ್ರೋಲ್ ಪ್ಯಾನೆಲಿನಲ್ಲಿ ‘ಕ್ರೆಡೆನ್ಶಿಯಲ್ ಮ್ಯಾನೇಜರ್’ ಎಂಬ ಇನ್ನೊಂದು ಉಗ್ರಾಣವಿದೆ. ಆಪಲ್ ಯಂತ್ರಗಳಲ್ಲಿ ಬಹಳ ವರ್ಷಗಳಿಂದ ‘ಕೀಚೈನ್’ ಎಂಬುದಿತ್ತು; 2024ರಿಂದ ‘ಪಾಸ್‌ವರ್ಡ್ಸ್’ ಎಂಬ ಹೆಸರಿನಲ್ಲಿಯೇ ಒಂದು ಆ್ಯಪ್ ಬಂದಿದೆ. ಇಷ್ಟು ತಿಳಿಯಲು ಇಂಜಿನಿಯರಿಂಗ್ ಓದಬೇಕಾಗಿಲ್ಲ. ಜೋಳದ ಚೀಲದ ಬಾಯಿಯ ದಾರ ಯಾವ ಕಡೆಯಿಂದ ಎಳೆದರೆ ಬಿಚ್ಚುತ್ತದೆಂದು ತಿಳಿದವರಿಗೆ ಇದು ಹೆಚ್ಚಿನದಲ್ಲ.

“ಇದೆಲ್ಲ ಸೋಮಾರಿತನ. ಪಾಸ್‌ವರ್ಡನ್ನು ನೆನಪಿಟ್ಟುಕೊಳ್ಳಬೇಕು, ಉಳಿಸಿಡಬಾರದು” ಎನ್ನುವ ಶಿಸ್ತಿನವರು ಇನ್ನೊಂದು ಪಂಗಡ. ಈ ಮಹನೀಯರಿಗೆ ನನ್ನದೊಂದು ಪ್ರಶ್ನೆ: 34 ಪಾಸ್‌ವರ್ಡುಗಳನ್ನು, ಒಂದರಂತೆ ಒಂದಿರದ ಹಾಗೆ, ಎಪ್ಪತ್ತು ವರ್ಷದ ಮಾಸ್ತರರು ನೆನಪಿಡಬೇಕೆ? ತಾವು ಇಡುತ್ತೀರಾ? ತಾವು ಇಡುವುದಿಲ್ಲ, ಮಗಳ ಹೆಸರಿನ ಮುಂದೆ 123 ಸೇರಿಸಿ ಎಲ್ಲ ಕಡೆಗೂ ಅದನ್ನೇ ಹಾಕಿದ್ದೀರಿ. ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲ ಇರಲಿ, ಆಗಾಗ ಬದಲಿಸುತ್ತಲೂ ಇರಲಿ ಎಂಬ ನಿಯಮದ ಮೂಲಪುರುಷ ಬಿಲ್ ಬರ್. ಅಮೇರಿಕದ ರಾಷ್ಟ್ರೀಯ ಮಾನಕ ಸಂಸ್ಥೆಗಾಗಿ ಅವರು 2003ರಲ್ಲಿ ಅದನ್ನು ಬರೆದರು. 2017ರಲ್ಲಿ ಆ ಸಂಸ್ಥೆ ಆ ನಿಯಮಗಳನ್ನು ಕೈಬಿಟ್ಟಿತು. ನಿವೃತ್ತರಾಗಿದ್ದ ಬರ್ ಅವರೇ ಅದೇ ವರ್ಷ, ತಾವು ಬರೆದದ್ದರಲ್ಲಿ ಬಹುಪಾಲಿನ ಬಗ್ಗೆ ಈಗ ಪಶ್ಚಾತ್ತಾಪವಿದೆ ಎಂದು ಒಪ್ಪಿಕೊಂಡರು. ಮೂಲಪುರುಷನೇ ಬಿಟ್ಟ ವ್ರತವನ್ನು ನಮ್ಮ ಕಚೇರಿಗಳು ಇನ್ನೂ ಆಚರಿಸುತ್ತಿವೆ. ಮನುಷ್ಯನ ನೆನಪಿಗೆ ಮೀರಿದ್ದನ್ನು ಯಂತ್ರದಲ್ಲಿಡುವುದು ಪಾಪವಲ್ಲ. ಇಟ್ಟದ್ದು ಎಲ್ಲಿದೆಯೆಂದು ತಿಳಿಯದಿರುವುದು ಪಾಪ.

ಕಾಯ್ದೆಯೂ ನನ್ನ ಪಕ್ಷಕ್ಕಿದೆ. ನಮ್ಮ ದೇಶದ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ತಿದ್ದುಪಡಿಯಿಂದ ಸೇರಿದ 66ಸಿ ಕಲಮಿನ ಪ್ರಕಾರ, ಪರರ ಪಾಸ್‌ವರ್ಡನ್ನು ವಂಚನೆಯಿಂದ ಅಥವಾ ಅಪ್ರಾಮಾಣಿಕತೆಯಿಂದ ಬಳಸಿದವನಿಗೆ 3 ವರ್ಷದವರೆಗೆ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗೆ ದಂಡವಾಗಬಹುದು. ಗಮನಿಸಬೇಕು: ಆ ಕಲಮು ಬಳಕೆಯನ್ನು ಅಪರಾಧವೆಂದಿದೆಯೇ ಹೊರತು, ಹಗೇವಿನ ಬಾಯಿ ಎಲ್ಲಿರುತ್ತದೆಂದು ತಿಳಿಯುವುದನ್ನಲ್ಲ. ಕಾಯ್ದೆ ಮಾಡಿದವರಿಗೆ ಹೊಳೆದ ಈ ಭೇದ ನಮ್ಮ ಸಭ್ಯರಿಗೆ ಹೊಳೆಯುವುದಿಲ್ಲವಲ್ಲ!

ನಿಜವಾದ ರೋಗ ಬೇರೆಯೇ ಇದೆ. ನಾವು ಕಂಪ್ಯೂಟರನ್ನು ಬಳಸುವುದಿಲ್ಲ, ಪೂಜಿಸುತ್ತೇವೆ. ಖಂಡೇಪೂಜೆಯ ದಿನ ಮಾವನವರ ಲ್ಯಾಪ್‌ಟಾಪಿಗೆ ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ, ಕಾಯಿ ಒಡೆಯುತ್ತಾರೆ. ಉಳಿದ ದಿನ ಅದರೊಳಗೆ ಏನಿದೆಯೆಂದು ಇಣುಕುವುದಿಲ್ಲ. ಇದು ನಮಗೆ ಹೊಸ ಚಾಳಿಯಲ್ಲ. ಬಸವಾದಿ ಶರಣರ ವಚನಗಳ ತಾಡೋಲೆಯ ಕಟ್ಟುಗಳು ಎಷ್ಟೋ ಮನೆ ಮಠಗಳಲ್ಲಿ ಪೂಜೆಗೊಳ್ಳುತ್ತಿದ್ದವು. ಬಿಚ್ಚಿ ಓದುವವರು ವಿರಳ. ಅಂದಿನ ವಿಜಾಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ಅವನ್ನು ಹುಡುಕಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದಮೇಲೆ ನಮ್ಮ ಮನೆಯೊಳಗೆ ಏನಿತ್ತೆಂದು ನಮಗೇ ತಿಳಿಯಿತು. ಪಾಸ್‌ವರ್ಡಿಗೂ ವಚನಕ್ಕೂ ಎಲ್ಲಿಯ ಹೋಲಿಕೆ ಎಂದು ಯಾರೂ ಸಿಟ್ಟಾಗಬಾರದು. ಹೋಲಿಕೆ ವಸ್ತುವಿನಲ್ಲಿಲ್ಲ, ನಮ್ಮ ಸ್ವಭಾವದಲ್ಲಿದೆ: ಕಟ್ಟಿಗೆ ಕೈಮುಗಿಯುತ್ತೇವೆ, ಗಂಟು ಬಿಚ್ಚುವುದಿಲ್ಲ. ಮಕ್ಕಳಿಗೂ ಅದನ್ನೇ ಕಲಿಸುತ್ತೇವೆ. ಮೌಸ್ ಎಂದರೇನು, ಮಾನಿಟರ್ ಎಂದರೇನು ಎಂದು ಪಟ್ಟಿಯಲ್ಲಿ ಬರೆಸುತ್ತೇವೆ. ಅವರ ಕೀಲಿಕೈ ಎಲ್ಲಿರುತ್ತದೆಂದು ಮಾತ್ರ ಹೇಳುವುದಿಲ್ಲ.

ಅಂಗಡಿಕಾರರಿಗೂ ಎರಡು ಮಾತು. ತಾಲೂಕಿನ ಊರುಗಳಲ್ಲಿ ಈ ಅಂಗಡಿಗಳಿಲ್ಲದೆ ರೈತನ ಪಹಣಿ ಬರದು, ಹುಡುಗರ ಅರ್ಜಿ ಹೋಗದು. ಅವರ ಸೇವೆ ದೊಡ್ಡದು, ಕೂಲಿ ನ್ಯಾಯವಾದದ್ದು. ಆದರೆ ಗಿರಾಕಿಯ ಪಾಸ್‌ವರ್ಡನ್ನು ಅಂಗಡಿಯ ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳುವುದು ಸೇವೆಯಲ್ಲ. ‘ಸೇವ್ ಮಾಡಲೇ?’ ಎಂದು ಯಂತ್ರ ಕೇಳಿದಾಗ ‘ಬೇಡ’ ಎಂಬುದನ್ನು ಒತ್ತಬೇಕು. ಗಿರಾಕಿಯ ಕೆಲಸವನ್ನು ಅತಿಥಿಯ ಕಿಟಕಿಯಲ್ಲಿ ಮಾಡಿ ಮುಚ್ಚಬೇಕು. ಪರದೆಯನ್ನು ಗಿರಾಕಿಯ ಕಡೆಗೂ ತಿರುಗಿಸಬೇಕು. ಬಾಗೇವಾಡಿಯವರಿಗೆ ಇದನ್ನು ಬೇರೆ ಊರಿನವರು ಹೇಳಬೇಕಾಗಿಲ್ಲ. ಅವರ ಊರಿನ ಮಗ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವನು. ಪರರ ಭಂಡಾರದ ಕೀಲಿಕೈಯನ್ನು ಕೈಯಲ್ಲಿಟ್ಟುಕೊಂಡು ಕೈ ಕೊಳೆ ಮಾಡಿಕೊಳ್ಳದೆ ಬಾಳಿದನೆಂದೇ ನಾಡು ಅವನನ್ನು ನೆನೆಯುತ್ತದೆ. ಆ ಊರಿನ ಗಲ್ಲೆಯ ಮೇಲೆ ಒಬ್ಬ ಮುದುಕನ ಕೀಲಿಗೊಂಚಲು ಬಿದ್ದಾಗ, ಅದನ್ನು ನೋಡದೆ ಮರಳಿಸುವುದು ಮರ್ಯಾದೆ.

ಎಚ್ಚರಿಕೆಯ ಮಾತನ್ನೂ ಹೇಳದೆ ಬಿಡಲಾರೆ. ಹಗೇವನ್ನು ತೆರೆದ ಕೂಡಲೇ ಒಳಗೆ ಇಳಿಯಬಾರದೆಂದು ಹಿರಿಯರು ಹೇಳುತ್ತಿದ್ದರು. ಒಳಗೆ ಕೆಟ್ಟ ಗಾಳಿ ಕಟ್ಟಿರುತ್ತದೆ. ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯಬೇಕು. ಹಾಗೆಂದು ಹಗೇವು ಇರುವುದನ್ನೇ ಮಕ್ಕಳಿಂದ ಮುಚ್ಚಿಡುತ್ತಿರಲಿಲ್ಲ. ತೋರಿಸಿ, ದೀಪದ ಪಾಠವನ್ನೂ ಹೇಳುತ್ತಿದ್ದರು. ನಮ್ಮ ದೀಪದ ಪಾಠ ಇದು: ಪಟ್ಟಿಯನ್ನು ಪರರ ಎದುರಿಗೆ ತೆರೆಯಬೇಡಿ. ಕಂಪ್ಯೂಟರಿನ ಪಿನ್ 1234 ಆಗಿದ್ದರೆ ಇಂದೇ ಬದಲಿಸಿ. ಹಗೇವಿನ ಕೀಲಿ ಅದೊಂದೇ. ಎದ್ದು ಹೋಗುವಾಗ ಪರದೆಗೆ ಕೀಲಿ ಹಾಕಿ ಹೋಗಿ. ಕಂಡಕಂಡಲ್ಲಿಂದ ‘ಪಾಸ್‌ವರ್ಡ್ ಹುಡುಕುವ ಪ್ರೋಗ್ರಾಮ್’ ಇಳಿಸಿಕೊಳ್ಳಬೇಡಿ. ಹಗೇವನ್ನೇ ಹೊತ್ತೊಯ್ಯುವ ಕಳ್ಳ ಹಲವು ಸಲ ಆ ವೇಷದಲ್ಲಿಯೇ ಬರುತ್ತಾನೆ. ಯಂತ್ರದಲ್ಲಿಯೇ ಇರುವುದಕ್ಕೆ ಹೊರಗಿನ ಪ್ರೋಗ್ರಾಮ್ ಏಕೆ? ಇನ್ನು ಪಟ್ಟಿಯಲ್ಲಿ ಇಲ್ಲದ್ದು, ಅಂದರೆ ಎಂದೂ ಉಳಿಸದ್ದು, ಯಾರಿಗೂ ಸಿಗದು. ಸಿಗುತ್ತದೆಂದು ಹಣ ಕೇಳುವವನನ್ನು ನಂಬಬೇಡಿ. ಮೊಬೈಲ್ ನಂಬರು ಬದಲಿಸಿದ ದಿನವೇ ಎಲ್ಲ ಕಡೆಯೂ ಹೊಸ ನಂಬರನ್ನು ಬರೆಸಿಡಿ.

ನಾನು ಪಟ್ಟಿ ತೋರಿಸಿದ ಆ ಸಂಜೆ ಅತ್ತೆಯವರೂ ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದರು. ಮಾವನವರು 500 ರೂಪಾಯಿಯ ಸಂಕಟದಲ್ಲಿದ್ದರು. ಅತ್ತೆಯವರ ಚಿಂತೆ ಅದಾಗಿರಲಿಲ್ಲ.

“ಹಗೇವಿನ ಬಾಯಿ ಎಲ್ಲೈತಿ ಅಂತ ನಮ್ಮ ಮಾವನೋರು ನಮ್ಮತ್ತಿಗೂ ತೋರ್ಸಿದ್ರು. ನೀವು ನನಗ ಏನ್ ತೋರ್ಸೀರಿ?” ಎಂದರು. ಸ್ವಲ್ಪ ತಡೆದು, “ನಾಳೆ ನಿಮಗ ಏನಾರ ಹೆಚ್ಚುಕಮ್ಮಿ ಆದ್ರ, ನಾ ಯಾರ ಅಂಗಡಿಗೆ ಹೋಗ್ಲಿ?” ಎಂದರು.

ಮಾವನವರ ಬಳಿ ಉತ್ತರವಿರಲಿಲ್ಲ. ಕಳ್ಳರಿಗೆ ದಾರಿ ತೋರಿಸಬಾರದೆನ್ನುವ ನನ್ನ ಸ್ನೇಹಿತರ ಬಳಿಯೂ ಇದಕ್ಕೆ ಉತ್ತರವಿದೆಯೆಂದು ನನಗನ್ನಿಸುವುದಿಲ್ಲ. ನಮ್ಮ ಎಷ್ಟು ಮನೆಗಳಲ್ಲಿ ಬ್ಯಾಂಕು, ವಿಮೆ, ಪಿಂಚಣಿಯ ಬಾಗಿಲುಗಳೆಲ್ಲ ಒಬ್ಬ ಗಂಡಸಿನ ಮರೆವಿನ ಮೇಲೆ ನಿಂತಿವೆ! ಅವನು ಮರೆತರೆ ಅಂಗಡಿಗೆ ಹೋಗುತ್ತಾನೆ. ಅವನೇ ಇಲ್ಲವಾದರೆ ಉಳಿದವರು ಎಲ್ಲಿಗೆ ಹೋಗಬೇಕು?

ಆ ರಾತ್ರಿ ಮಾವನವರು ಕಂಪ್ಯೂಟರಿನ ಪಿನ್ ಬದಲಿಸಿದರು. ಅದನ್ನು ಒಂದು ಕಾಗದದಲ್ಲಿ ಬರೆದು, ಮನೆಯ ಕಾಗದಪತ್ರಗಳಿರುವ ಟ್ರಂಕಿನಲ್ಲಿಟ್ಟು, ಟ್ರಂಕಿನ ಕೀಲಿಕೈಯನ್ನು ಅತ್ತೆಯವರ ಕೈಗೆ ಕೊಟ್ಟರು. ಆಮೇಲೆ ಅತ್ತೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಳೆಯ ಮಾಸ್ತರಿಕೆಯ ಗತ್ತಿನಲ್ಲಿ, “ಈ ಮೂರು ಚುಕ್ಕಿ ಒತ್ತು” ಎಂದು ಪಾಠ ಶುರುಮಾಡಿದರು. ಮೂರನೆಯ ಸಲಕ್ಕೆ ಅತ್ತೆಯವರು ತಾವೇ ಪಟ್ಟಿಯನ್ನು ತೆರೆದರು. ಒಂದು ಕಾಸೂ ಖರ್ಚಾಗಲಿಲ್ಲ.

ಇದನ್ನು ಬರೆಯಬಾರದಿತ್ತೆಂದು ಈಗಲೂ ಅನ್ನುವವರು ತಮ್ಮ ಮನೆಯಲ್ಲಿ ಇಂದು ಸಂಜೆ ಒಮ್ಮೆ ಕೇಳಿ ನೋಡಲಿ: ನಮ್ಮ ಹಗೇವಿನ ಬಾಯಿ ಯಾರ್‍ಯಾರಿಗೆ ಗೊತ್ತು?